ಸವೆದದ್ದು ಬೇರೆ, ಮುಚ್ಚಿಟ್ಟದ್ದು ಬೇರೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಈ ಐದು ತಾಲೂಕಿನ ಯಾವುದಾದರೂ ಸರ್ಕಲ್‌ನಲ್ಲಿ ಐದು ನಿಮಿಷ ನಿಂತು ನೋಡಿ. ಕೆಎ-23 ನಂಬರಿನ ನಡುನಡುವೆ ಕೊಲ್ಹಾಪುರದ ಎಂಎಚ್-09, ಸಾಂಗ್ಲಿಯ ಎಂಎಚ್-10 ಬರ್ತಾನೇ ಇರ್ತವೆ. ಅವೆಲ್ಲ ಬೀಗರ ಮನೆಗೆ ಬಂದ ಗಾಡಿಗಳಲ್ಲ. ಎಷ್ಟೋ ನಮ್ಮವರವೇ, ಗಡಿ ಆಚೆಯಿಂದ ಸೆಕೆಂಡ್ ಹ್ಯಾಂಡ್ ತಂದವು.

ಯಾಕೆ ಅಂದರೆ ಒಂದು, ಹತ್ತಿರ. ನಿಪ್ಪಾಣಿಯವರಿಗೆ ಬೆಳಗಾವಿಗಿಂತ ಕೊಲ್ಹಾಪುರ ಹತ್ತಿರ, ಕಾಗವಾಡದವರಿಗೆ ಮಿರಜ ಅಂದರೆ ಹಿತ್ತಲು ಇದ್ದಂಗೆ. ಎರಡನೇದು ರೇಟು. ಕರ್ನಾಟಕದ ಲೈಫ್ ಟೈಮ್ ಟ್ಯಾಕ್ಸ್ ಹೆಸರು ಕೇಳಿದರೇ ಜನ ಆಚೆ ನೋಡ್ತಾರೆ. (ಆ ಗಾಡಿಯನ್ನು ಮುಂದೆ ಇಲ್ಲಿ ರಿಜಿಸ್ಟರ್ ಮಾಡಿಸುವಾಗ ವಯಸ್ಸಿನ ಪ್ರಕಾರ ಟ್ಯಾಕ್ಸ್ ಕಟ್ಟಲೇಬೇಕು. ಅದನ್ನೂ ಕೂಡಿಸಿದರೆ ಅಗ್ಗ ಅನ್ನೋದು ಎಷ್ಟೋ ಸಲ ಅಗ್ಗ ಆಗಿರಲ್ಲ. ಅದು ಬೇರೆ ಕತೆ.)

ಮೂರನೇ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಲ್ಲ. ನೀರು.

2019ರ ಆಗಸ್ಟ್ ನಮ್ಮ ಕಡೆ ಯಾರೂ ಮರೆತಿಲ್ಲ. ಕೃಷ್ಣಾ, ದೂಧಗಂಗಾ, ವೇದಗಂಗಾ, ಪಂಚಗಂಗಾ ಎಲ್ಲಾ ಒಮ್ಮೆಲೇ ಬಂದವು. ಕೊಲ್ಹಾಪುರ, ಸಾಂಗ್ಲಿ ಪೇಟೆಗಳೇ ಮುಳುಗಿದವು. ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ಹೆದ್ದಾರಿ ಮೇಲೆ ನೀರು, ಕುಡಚಿ-ಉಗಾರ ಸೇತುವೆ ನೀರಿನ ಕೆಳಗೆ. 2021ರ ಜುಲೈನಲ್ಲಿ ಮತ್ತೆ ಅದೇ. ಹೊಳೆ ಇಳಿದ ಮೇಲೆ ಮನೆ ತೊಳೆದೆವು, ಪರಿಹಾರದ ಅರ್ಜಿ ಬರೆದೆವು. ಆದರೆ ಮನೆ ಮುಂದೆ ನಿಂತಲ್ಲೇ ಮುಳುಗಿದ ಕಾರುಗಳು ಎಲ್ಲಿ ಹೋದವು ಅಂತ ಯಾರೂ ಕೇಳಲಿಲ್ಲ. ಕೆಲವು ಗುಜರಿಗೆ ಹೋದವು. ಕೆಲವನ್ನು ಇನ್ಶೂರೆನ್ಸ್ ಕಂಪನಿಯವರು ಟೋಟಲ್ ಲಾಸ್ ಅಂತ ಬರೆದು ಹರಾಜಿಗೆ ಹಾಕಿದರು. ಉಳಿದವು ಒಣಗಿ, ಹೊಸ ಕಾರ್ಪೆಟ್ ಹಾಕಿಸಿಕೊಂಡು, ಪಾಲಿಶ್ ಮಾಡಿಸಿಕೊಂಡು ಮಾರ್ಕೆಟ್ಟಿಗೆ ಬಂದವು.

ಅದರಲ್ಲಿ ಒಂದು ನಮ್ಮ ಮನೆಗೆ ಬಂತು.

ನಾನಿರೋದು ಪುಣೆಯಲ್ಲಿ, ಅಪ್ಪ-ಅವ್ವ-ತಮ್ಮ ರಾಯಬಾಗ ತಾಲೂಕಿನ ಹಳ್ಳಿಯಲ್ಲಿ. ಅವ್ವನಿಗೆ ವಾರಕ್ಕೆ ಎರಡು ಸಲ ಮಿರಜದಲ್ಲಿ ಡಯಾಲಿಸಿಸ್. ಬಾಡಿಗೆ ಗಾಡಿಗೆ ಒಂದು ಸಲಕ್ಕೆ 1,800 ರೂಪಾಯಿ. ತಿಂಗಳಿಗೆ ಕೂಡಿಸಿ ನೋಡಿ. ಜನವರಿಯಲ್ಲಿ ಕಬ್ಬಿನ ಬಿಲ್ಲು ಬಂತು, ಅದಕ್ಕೆ ನನ್ನ ಉಳಿತಾಯ ಸೇರಿಸಿ ಗಡಿ ಆಚೆಯ ಒಂದು ಕಾರ್ ಬಜಾರ್‌ನಿಂದ 2017ರ ಪೆಟ್ರೋಲ್ ಹ್ಯಾಚ್‌ಬ್ಯಾಕ್ ತಂದೆವು. ಎಂಎಚ್-09, ಮೀಟರ್ 58,400 ಕಿ.ಮೀ., ರೇಟು 3,85,000.

ನೋಡಬೇಕಾದ್ದನ್ನೆಲ್ಲ ನೋಡಿಯೇ ತಂದಿದ್ದು. ರಾಯಬಾಗದ ಮಿಸ್ತ್ರಿಯನ್ನು ಜೊತೆಗೆ ಕರ್ಕೊಂಡು ಹೋಗಿದ್ದೆ. ಎಂಪರಿವಾಹನದಲ್ಲಿ ನಂಬರ್ ಹಾಕಿ ಓನರ್ ಎಷ್ಟನೇಯವರು, ಸಾಲ ಇದೆಯೋ, ವಿಮೆ ಇದೆಯೋ ನೋಡಿದೆ. ಸೀಟ್ ಬೆಲ್ಟ್ ಕೊನೆತನಕ ಎಳೆದೆ; ನೀರಲ್ಲಿ ನಿಂತ ಗಾಡಿಯಾದರೆ ಒಳಗಡೆ ಕೆಸರಿನ ಗೆರೆ ಇರ್ತದೆ. ಇರಲಿಲ್ಲ, ಬೆಲ್ಟೇ ಹೊಸದಿತ್ತು. "ಇಂಟೀರಿಯರ್ ಪೂರಾ ಹೊಸಾದು ಹಾಕ್ಸೀನ್ರಿ ಸರ. ಗಾಡಿ ಒಂದ ನಂಬರ ಐತಿ, ಕಣ್ಣ ಮುಚ್ಚಿ ಹೊಡ್ಕೊಂಡ ಹೋಗ್ರಿ" ಅಂದ ಡೀಲರ್.

ಒಂಬತ್ತನೇ ದಿನ ಉಗಾರ ದಾಟಿ ಶೇಡಬಾಳ ಹತ್ತಿರ, ತಮ್ಮ ಓಡಿಸ್ತಿದ್ದಾಗ, ಸ್ಟೀರಿಂಗ್ ಒಮ್ಮೆಲೇ ಕಲ್ಲಿನಂಗೆ ಗಟ್ಟಿ ಆಯ್ತು. ಹಿಂದಿನ ಸೀಟಿನಲ್ಲಿ ಅವ್ವ, ಎದುರಿಗೆ ಡಬಲ್ ಟ್ರೇಲರ್ ಕಟ್ಟಿದ ಕಬ್ಬಿನ ಟ್ರ್ಯಾಕ್ಟರ್. ಜನವರಿಯಲ್ಲಿ ಆ ರಸ್ತೆ ಹೇಗಿರುತ್ತದೆ ಅಂತ ಆ ಕಡೆಯವರಿಗೆ ಗೊತ್ತು. ತಮ್ಮ ಜೋರು ಹಾಕಿ ಎಳೆದು ಗಾಡಿಯನ್ನು ಮಣ್ಣಿಗೆ ಇಳಿಸಿದ. ಅಷ್ಟೇ. ಏನೂ ಆಗಲಿಲ್ಲ.

ಡೀಲರಿಗೆ ಫೋನ್ ಮಾಡಿದರೆ ಬಂದ ಉತ್ತರ, ನಿಮಗೂ ಬರೋ ಉತ್ತರ: "ಹಳೇ ಗಾಡಿ ಅಂದ ಮ್ಯಾಲ ಸಣ್ಣಪುಟ್ಟ ಇರೂದ ರೀ."

ಈ ಮಾತನ್ನು ಸುಳ್ಳು ಅಂತ ತಳ್ಳಿಹಾಕೋಕೆ ಆಗಲ್ಲ. ಹಳೇ ಗಾಡಿಯಲ್ಲಿ ದೋಷ ಇರೋದೇ. ಅದಕ್ಕೇ ಅದು ಅರ್ಧ ರೇಟಿಗೆ ಸಿಗೋದು. ಇಲ್ಲೇ ನಮ್ಮ ಜನ ಸೋಲ್ತಾರೆ ಅಂತ ನನಗನ್ನಿಸೋದು. ಸಿಟ್ಟಿನಲ್ಲಿ ಹದಿನೈದು ತಕರಾರಿನ ಪಟ್ಟಿ ಮಾಡಿ ವಾಟ್ಸ್ಯಾಪ್‌ಗೆ ಹಾಕ್ತಾರೆ: ಟೈರ್ ಸವೆದಿದೆ, ಎಸಿ ತಂಪಿಲ್ಲ, ಕ್ಲಚ್ ಬಿಗಿ, ಸ್ಟೀರಿಂಗ್ ಹಿಡೀತದೆ, ಮೀಟರ್ ಮೇಲೆ ಡೌಟ್ ಇದೆ. ಡೀಲರ್ ಟೈರಿನ ಬಗ್ಗೆ ಮಾತ್ರ ಉತ್ತರ ಕೊಡ್ತಾನೆ. "ಟೈರ್ ನೋಡೇ ತಗೊಂಡೀರಲ್ಲ?" ಹೌದು, ನೋಡೇ ತಗೊಂಡಿದ್ದು. ಅಲ್ಲಿಗೆ ಉಳಿದ ಮಾತೂ ಬಿದ್ದು ಹೋಗುತ್ತೆ.

ನಾವು ಸಾಫ್ಟ್‌ವೇರ್‌ನವರು ಬಗ್ ವಿಂಗಡಿಸೋದನ್ನು ದಿನಾ ಮಾಡ್ತೀವಿ. ಅದನ್ನೇ ಇಲ್ಲೂ ಮಾಡಿದೆ. ಒಂದು ಹಾಳೆಯಲ್ಲಿ ಎರಡು ಕಾಲಂ: ಸವೆದದ್ದು, ಮುಚ್ಚಿಟ್ಟದ್ದು. ಮುಂದಿನ ಸಸ್ಪೆನ್ಷನ್ ಬುಶ್, ಕ್ಲಚ್, ಎಸಿ ಗ್ಯಾಸ್ ಸವೆದದ್ದು. ಅದಕ್ಕೆ ನಾನೇ 11,200 ಖರ್ಚು ಮಾಡಿದೆ. ಆ ರೊಕ್ಕವನ್ನು ಮುಂದೆ ಯಾವ ಮಾತುಕತೆಯಲ್ಲೂ ಕೇಳಲಿಲ್ಲ.

ಇದು ನನ್ನ ಸ್ವಂತ ತತ್ವ ಏನಲ್ಲ. 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಂ ಹೆಚ್ಚುಕಡಿಮೆ ಇದನ್ನೇ ಹೇಳ್ತದೆ. ಅಂಥ ಸರಕಿನ ವ್ಯಾಪಾರವನ್ನೇ ಮಾಡೋ ಮನುಷ್ಯನ ಹತ್ತಿರ ತಗೊಂಡರೆ ಸರಕು ವ್ಯವಹಾರಕ್ಕೆ ಯೋಗ್ಯ ಇರಬೇಕು. ಆದರೆ ನೀವು ಪರೀಕ್ಷೆ ಮಾಡಿ ತಗೊಂಡಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷದ ಹೊಣೆ ನಿಮ್ಮದು. ಪರೀಕ್ಷೆಯಲ್ಲಿ ಕಾಣದ್ದು ನಿಮ್ಮದಲ್ಲ.

ಈಗ ಎರಡನೇ ಕಾಲಂ. ಇಲ್ಲಿ ಸ್ವಲ್ಪ ನಿಲ್ಲೋಣ.

ಸ್ಟೀರಿಂಗ್ ಬಿಗಿಯಾದ ಮೇಲೆ ನನ್ನ ಬ್ಲೂಟೂತ್ ಓಬಿಡಿ ಸ್ಕ್ಯಾನರ್ ಹಚ್ಚಿದೆ. ಇದು ಡ್ಯಾಶ್‌ಬೋರ್ಡ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿ, ಗಾಡಿಯ ಕಂಪ್ಯೂಟರ್ ಏನು ದೂರು ಬರೆದಿಟ್ಟಿದೆ ಅಂತ ಫೋನಿನಲ್ಲಿ ಓದೋ ಸಣ್ಣ ಡಬ್ಬಿ. ಆನ್‌ಲೈನ್‌ನಲ್ಲಿ ಅಗ್ಗಕ್ಕೇ ಸಿಗ್ತದೆ. ಇದರ ಮಿತಿಯನ್ನೂ ಹೇಳಿಬಿಡ್ತೀನಿ: ಅಗ್ಗದ ಸ್ಕ್ಯಾನರ್ ಸಾಮಾನ್ಯವಾಗಿ ಎಂಜಿನ್ನಿನ ಕೋಡ್ ಮಾತ್ರ ಓದ್ತದೆ, ಏರ್‌ಬ್ಯಾಗ್ ಕಡೆ ಹೋಗಲ್ಲ. ಆದರೆ ಅದರಲ್ಲಿ ಒಂದು ಅಂಕಿ ಸಿಗ್ತದೆ, ಬಹಳ ಜನ ನೋಡಲ್ಲ. "ಕೋಡ್ ಅಳಿಸಿದ ಮೇಲೆ ಓಡಿದ ದೂರ." ನಮ್ಮ ಗಾಡಿ ತೋರಿಸಿದ್ದು 412 ಕಿ.ಮೀ. ನಾವು ತಂದ ಮೇಲೆ ಓಡಿಸಿದ್ದು 380. ಅಂದರೆ ನಮ್ಮ ಕೈಗೆ ಬರೋಕೆ ಸ್ವಲ್ಪ ಮುಂಚೆ ಯಾರೋ ದೂರುಗಳನ್ನೆಲ್ಲ ಅಳಿಸಿದ್ದಾರೆ. ಪ್ರೊಡಕ್ಷನ್‌ಗೆ ಬಿಡೋ ಹಿಂದಿನ ದಿನ ಲಾಗ್ ಡಿಲೀಟ್ ಮಾಡಿದಂಗೆ. ಇದೊಂದೇ ಸಾಕ್ಷಿ ಆಗಲ್ಲ, ರಿಪೇರಿ ಮಾಡಿದ ಗ್ಯಾರೇಜಿನವರೂ ಕೋಡ್ ಅಳಿಸ್ತಾರೆ. ಆದರೆ ಎಲ್ಲಿ ಅಗೆಯಬೇಕು ಅಂತ ಗೊತ್ತಾಯ್ತು.

ಮಿಸ್ತ್ರಿ ಸೀಟು ಬಿಚ್ಚಿ ಹೊಸ ಕಾರ್ಪೆಟ್ ಎತ್ತಿದ. ಕೆಳಗಿನ ವೈರಿಂಗ್ ಜೋಡಣೆಗಳಲ್ಲಿ ಹಸಿರು ಕಿಲುಬು, ಸೀಟಿನ ಬೋಲ್ಟಿಗೆ ತುಕ್ಕು, ಮೂಲೆಯಲ್ಲಿ ಒಣಗಿದ ನುಣ್ಣನೆ ಕೆಸರು. "ಇದು ಹೊಳಿ ಮಣ್ಣರಿ ಅಣ್ಣಾರ, ಹೊಲದ್ದಲ್ಲ" ಅಂದ. ಆಮೇಲೆ ಮೀಟರ್ ಬಾಕ್ಸ್ ಬಿಚ್ಚಿದ. ಏರ್‌ಬ್ಯಾಗ್ ದೀಪ, ನಿಮಗೆ ಗೊತ್ತಿರಬಹುದು, ಚಾವಿ ತಿರುಗಿಸಿದಾಗ ಹತ್ತಿ ಕೆಲವು ಸೆಕೆಂಡಿಗೆ ಆರಬೇಕು. ನಮ್ಮದರಲ್ಲಿ ಸರಿಯಾಗಿ ಹತ್ತುತ್ತಿತ್ತು, ಸರಿಯಾಗಿ ಆರುತ್ತಿತ್ತು. ಯಾಕೆ ಅಂದರೆ ಅದನ್ನು ಪಕ್ಕದ ಇನ್ನೊಂದು ದೀಪದ ವೈರಿಗೆ ಕಟ್ಟಿದ್ದರು. ಏರ್‌ಬ್ಯಾಗ್ ನಿಯಂತ್ರಿಸೋ ಡಬ್ಬಿ ಬಹುಪಾಲು ಕಾರುಗಳಲ್ಲಿ ಎರಡು ಸೀಟಿನ ನಡುವೆ, ನೆಲದ ಮೇಲೇ ಇರುತ್ತದೆ. ನೀರು ಒಳಗೆ ಬಂದರೆ ಮೊದಲು ಮುಳುಗೋದು ಅದೇ. ನಮ್ಮದು ಸತ್ತೇ ಹೋಗಿತ್ತು. ಅಪಘಾತ ಆಗಿದ್ದರೆ ಬಲೂನು ಬಿಚ್ಚಿಕೊಳ್ಳುತ್ತಲೇ ಇರಲಿಲ್ಲ.

ಆ ದಿನ ರಾತ್ರಿ ನಿದ್ದೆ ಬರಲಿಲ್ಲ. ಸ್ಟೀರಿಂಗ್ ಕೆಟ್ಟದ್ದಕ್ಕಿಂತ ಆ ವೈರು ಹೆಚ್ಚು ಕಾಡಿತು. ಕೆಟ್ಟದ್ದನ್ನು ಸರಿ ಮಾಡದೇ ಬಿಡೋದು ಸೋಮಾರಿತನ ಇರಬಹುದು, ರೊಕ್ಕದ ಆಸೆ ಇರಬಹುದು. ಕೆಟ್ಟಿದ್ದು ಕಾಣದಂಗೆ ಒಬ್ಬ ಮನುಷ್ಯ ಕೂತು, ವೈರ್ ಕತ್ತರಿಸಿ, ಟೇಪ್ ಸುತ್ತಿ ಕೆಲಸ ಮಾಡೋದು ಬೇರೆ ಜಾತಿ.

ಮೀಟರಿನ ವಿಷಯಕ್ಕೆ ಮೊದಲ ಮಾಲೀಕರನ್ನು ಹುಡುಕಿದೆ. ಆರ್‌ಸಿಯಲ್ಲಿ ಹೆಸರು-ವಿಳಾಸ ಇತ್ತು. ಕೊಲ್ಹಾಪುರದ ನಿವೃತ್ತ ಮೇಷ್ಟ್ರು. ಬೈತಾರೇನೋ ಅಂದುಕೊಂಡು ಹೋದರೆ ಚಹಾ ಕೊಟ್ಟರು. 2021ರ ಮಹಾಪೂರದಲ್ಲಿ ಗಾಡಿ ಎರಡು ದಿನ ನೀರಲ್ಲಿ ನಿಂತಿತ್ತು, ವಿಮೆ ಕ್ಲೇಮ್ ಆಗಿತ್ತು, ವೈರಿಂಗ್ ಬದಲಿಸಿದ್ದರು, ಡೀಲರಿಗೆ ಕೊಡುವಾಗ ಎಲ್ಲ ಹೇಳಿ ಅದಕ್ಕೇ ಕಡಿಮೆ ರೇಟಿಗೆ ಕೊಟ್ಟಿದ್ದೆ ಅಂದರು. ಕ್ಲೇಮಿನ ಕಾಗದ ಫೋಟೋ ತೆಗೆದುಕೊಳ್ಳಲು ಬಿಟ್ಟರು. ನನ್ನ ಜೊತೆ ಸರ್ವಿಸ್ ಸೆಂಟರಿಗೂ ಬಂದು ಸರ್ವಿಸ್ ಹಿಸ್ಟರಿ ಪ್ರಿಂಟ್ ಹಾಕಿಸಿ ಕೊಟ್ಟರು. ಕೊನೆಯ ಎಂಟ್ರಿಯಲ್ಲಿ ಮೀಟರ್ 91,260.

91,260 ಇದ್ದದ್ದು 58,400 ಆಗಬೇಕಾದರೆ ಗಾಡಿ ರಿವರ್ಸ್‌ನಲ್ಲೇ ಕಾಶಿಗೆ ಹೋಗಿ ಬಂದಿರಬೇಕು.

ಇಲ್ಲಿಗೆ ಕೈಯಲ್ಲಿ ಮೂರು ವಸ್ತು: ಮಾಲೀಕರ ಕ್ಲೇಮ್ ಕಾಗದ, ಸರ್ವಿಸ್ ಪ್ರಿಂಟ್, ಮಿಸ್ತ್ರಿ ಬಿಚ್ಚುವಾಗ ಮಾಡಿದ ವಿಡಿಯೋ. ಡೀಲರ್ ಮಾತು ತಕ್ಷಣ ಬದಲಾಯ್ತು. "ನಾ ಬರೇ ದಲ್ಲಾಳಿ ರೀ. ನೀವು ಗಾಡಿ ತಗೊಂಡಿದ್ದು ಆ ಮಾಲಕರ ಕಡೆಯಿಂದ. ಅವರನ್ನ ಕೇಳ್ರಿ."

ಈ ಮಾತಿಗಾಗಿ ಕಾಯ್ತಾ ಇರಿ, ಖಂಡಿತ ಬರುತ್ತದೆ. ಮಾಲೀಕರ ಹತ್ತಿರ ಫಾರಂ 29, 30ಕ್ಕೆ ಖಾಲಿ ಸಹಿ ಹಾಕಿಸಿಟ್ಟುಕೊಂಡು, ಗಾಡಿ ತಮ್ಮ ಹೆಸರಿಗೆ ಬಾರದಂಗೆ ಕೈ ದಾಟಿಸೋದು ಹಳೇ ಪದ್ಧತಿ. ಇದನ್ನು ತಡೆಯೋಕೆ ಅಂತಲೇ 2023ರ ಏಪ್ರಿಲ್ 1ರಿಂದ ಮೋಟಾರು ವಾಹನ ನಿಯಮದಲ್ಲಿ ಹೊಸ ವ್ಯವಸ್ಥೆ ಬಂದಿದೆ. ಹಳೇ ಗಾಡಿ ಮಾರೋ ಡೀಲರ್ ಆರ್‌ಟಿಓದಿಂದ ಅಧಿಕೃತ ಪತ್ರ ತಗೊಂಡಿರಬೇಕು. ಮಾಲೀಕ ಗಾಡಿ ಡೀಲರಿಗೆ ಒಪ್ಪಿಸಿದ್ದನ್ನು ಪೋರ್ಟಲ್‌ನಲ್ಲಿ ತಿಳಿಸಿದ ಮೇಲೆ, ಗಾಡಿ ಮಾರಾಟ ಆಗೋತನಕ ಡೀಲರೇ ಮಾಲೀಕ ಅಂತ ಲೆಕ್ಕ. ನೀವು ಹೋಗೋ ಕಾರ್ ಬಜಾರ್‌ನಲ್ಲಿ ಆ ಪತ್ರ ಕೇಳಿ ನೋಡಿ. ಮುಖದ ಬಣ್ಣದಿಂದಲೇ ಅರ್ಧ ಉತ್ತರ ಸಿಗ್ತದೆ.

ನಮ್ಮ ಕೇಸಿನಲ್ಲಿ ಆ ಪತ್ರ ಇರಲಿಲ್ಲ. ಕೈ ಹಿಡಿದದ್ದು ಬ್ಯಾಂಕ್ ಸ್ಟೇಟ್‌ಮೆಂಟ್. "ಕ್ಯಾಶ್ ಕೊಟ್ರ ಐದ ಸಾವಿರ ಕಡಿಮಿ ಮಾಡತೀನಿ" ಅಂದಿದ್ದಕ್ಕೆ ಒಪ್ಪದೆ 3,45,000 ಅವನ ಅಂಗಡಿಯ ಖಾತೆಗೇ ಎನ್‌ಇಎಫ್‌ಟಿ ಮಾಡಿದ್ದೆ. (ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಳ್ಳೋದಕ್ಕೆ ಆದಾಯ ತೆರಿಗೆ ಕಾನೂನಿನಲ್ಲೇ ಅವಕಾಶ ಇಲ್ಲ.) ಬರೇ ದಲ್ಲಾಳಿ ಆಗಿದ್ದರೆ ಕಮಿಷನ್ ಬರಬೇಕಿತ್ತು, ಪೂರಾ ರೊಕ್ಕ ಹೇಗೆ ಬಂತು? ಉಳಿದ 40,000 ಅನ್ನು ಕೊಲ್ಹಾಪುರ ಆರ್‌ಟಿಓದ ಎನ್‌ಓಸಿ ಕೈಗೆ ಬಂದ ಮೇಲೆ ಕೊಡೋದು ಅಂತ ಡೆಲಿವರಿ ನೋಟ್ ಮೇಲೆ ಬರೆಸಿದ್ದೆ. ಅದೂ ನನ್ನ ಹತ್ತಿರವೇ ಇತ್ತು. ಇಲ್ಲಿ ರಿಜಿಸ್ಟರ್ ಮಾಡಿಸಿ ಟ್ಯಾಕ್ಸ್ ಕಟ್ಟಿಬಿಟ್ಟಿದ್ದರೆ ಗಾಡಿ ವಾಪಸ್ ಕೊಡೋದು ದೊಡ್ಡ ರಗಳೆ ಆಗ್ತಿತ್ತು.

ಬಿಲ್ ಕೇಳಿದಾಗಲೂ ಒಂದು ನಾಟಕ ಆಗಿತ್ತು. "ಬಿಲ್ ಹಾಕಿದ್ರ ಜಿಎಸ್‌ಟಿ ನಿಮಗೇ ಬೀಳ್ತದ ನೋಡ್ರಿ, ಎಪ್ಪತ್ತ ಸಾವಿರ." ಹೆದರಿಸೋ ಲೆಕ್ಕ ಇದು. ಹಳೇ ಕಾರಿನ ವ್ಯಾಪಾರದಲ್ಲಿ ಜಿಎಸ್‌ಟಿ ಪೂರಾ ಬೆಲೆ ಮೇಲಲ್ಲ, ಡೀಲರಿನ ಲಾಭದ ಅಂತರದ ಮೇಲೆ. 2024ರ ಡಿಸೆಂಬರ್‌ನ ಕೌನ್ಸಿಲ್ ಸಭೆ ಆದ ಮೇಲೆ ಅದು ಶೇ. 18. 3,50,000ಕ್ಕೆ ತಂದು 3,85,000ಕ್ಕೆ ಮಾರಿದರೆ ತೆರಿಗೆ 35,000ದ ಮೇಲೆ ಮಾತ್ರ, 6,300. ಬಿಲ್ ಕೊಡದೇ ಇರೋದೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ ಅಂತ ಇದೆ. ದೋಷ ಇರೋ ಸರಕನ್ನು ವಾಪಸ್ ತಗೊಂಡು, ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ ರೊಕ್ಕ ಕೊಡದೇ ಇರೋದೂ ಅದೇ ಪಟ್ಟಿಯಲ್ಲಿದೆ.

ಗಡಿ ಭಾಗದವರಿಗೆ ಈ ಕಾಯ್ದೆಯಲ್ಲಿ ಒಂದು ದೊಡ್ಡ ಅನುಕೂಲ ಇದೆ, ಎಷ್ಟೋ ಜನಕ್ಕೆ ಗೊತ್ತಿಲ್ಲ. ಮೊದಲೆಲ್ಲ ಡೀಲರ್ ಇದ್ದ ಊರಿಗೇ, ಇಲ್ಲಾ ವ್ಯವಹಾರ ನಡೆದ ಊರಿಗೇ ಹೋಗಿ ಕೇಸ್ ಹಾಕಬೇಕಿತ್ತು. ಈಗ ನೀವು ವಾಸ ಇರೋ ಅಥವಾ ದುಡಿಯೋ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಡೀಲರ್ ಸಾಂಗ್ಲಿಯವನಿರಲಿ, ಸೊಲ್ಲಾಪುರದವನಿರಲಿ, ಅಥಣಿಯವರು ಬೆಳಗಾವಿಯಲ್ಲೇ ದೂರು ಹಾಕಬಹುದು. 5 ಲಕ್ಷದವರೆಗಿನ ಸರಕಿಗೆ ಫೀಸ್ ಇಲ್ಲ. ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. ವಕೀಲರು ಬೇಕೇ ಬೇಕು ಅಂತಿಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಫೋನಿನಿಂದಲೇ ದಾಖಲಿಸಬಹುದು. ಎದುರು ಪಾರ್ಟಿಗೆ ಉತ್ತರ ಕೊಡೋಕೆ 30 ದಿನ, ಹೆಚ್ಚೆಂದರೆ ಇನ್ನೂ 15. ಮೂರು ತಿಂಗಳಲ್ಲಿ, ತಾಂತ್ರಿಕ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು ಅಂತ ಕಾಯ್ದೆ ಹೇಳ್ತದೆ. ವಾಸ್ತವದಲ್ಲಿ ಇದಕ್ಕಿಂತ ಹೆಚ್ಚು ಹಿಡೀತದೆ, ಆ ಭ್ರಮೆ ಬೇಡ.

ಎರಡು ಎಚ್ಚರಿಕೆ. ಡೀಲರ್ ಇಲ್ಲದೆ ಪಕ್ಕದ ಊರಿನ ಮಾಲೀಕರಿಂದ ನೇರ ತಗೊಂಡಿದ್ದರೆ ಗ್ರಾಹಕ ಆಯೋಗ ನಡೆಯಲ್ಲ, ಅವರು ವ್ಯಾಪಾರಿ ಅಲ್ಲ. ಮೋಸ ಆಗಿದ್ದರೆ ಸಿವಿಲ್ ಕೋರ್ಟಿನ ದಾರಿ. ಬಾಡಿಗೆಗೆ ಓಡಿಸೋಕೆ ಗಾಡಿ ತಗೊಂಡಿದ್ದರೆ, ಅದು ನಿಮ್ಮ ಸ್ವಂತ ಹೊಟ್ಟೆಪಾಡಿನ ದುಡಿಮೆ ಅಂತ ನೀವೇ ತೋರಿಸಬೇಕಾಗುತ್ತದೆ.

ನಾನು ಕೇಸಿಗೆ ಮುಂಚೆ ನೋಟಿಸ್ ಬರೆದೆ. ಒಂದೂವರೆ ಪುಟ, ಕನ್ನಡದಲ್ಲಿ ಒಂದು ಪ್ರತಿ, ಮರಾಠಿಯಲ್ಲಿ ಒಂದು. ಸಿಟ್ಟಿನ ಶಬ್ದ ಒಂದೂ ಹಾಕಲಿಲ್ಲ. ದಿನಾಂಕ, ಮೊತ್ತ, ಹೇಳಿದ ಮೀಟರ್, ಸರ್ವಿಸ್ ಮೀಟರ್, ಏರ್‌ಬ್ಯಾಗ್ ವೈರಿಂಗ್, ನೀರಿನ ಕ್ಲೇಮ್. ಗಾಡಿ ವಾಪಸ್ ತಗೊಂಡು 3,45,000 ಕೊಡಿ, 15 ದಿನ ಟೈಮ್, ಇಲ್ಲವಾದರೆ ಬೆಳಗಾವಿ ಆಯೋಗ. ಟೈರು, ಎಸಿ, ಕ್ಲಚ್ಚಿನ ಸುದ್ದಿಯೇ ಇಲ್ಲ. ಸ್ಪೀಡ್ ಪೋಸ್ಟ್ ಮಾಡಿ ತಲುಪಿದ ರಸೀದಿ ಇಟ್ಟುಕೊಂಡೆ. ಗಾಡಿಯನ್ನು ಅಂದಿನಿಂದ ಓಡಿಸಲಿಲ್ಲ. ಓಡಿಸ್ತಾ ಇದ್ದರೆ "ಗಾಡಿ ಚಲೋ ಐತಲ್ಲ ಮತ್ತ" ಅಂತಾರೆ. ಅದಕ್ಕಿಂತ ಮುಖ್ಯ, ಅದರಲ್ಲಿ ಅವ್ವನನ್ನು ಕೂರಿಸೋಕೆ ಸಾಧ್ಯವೇ ಇರಲಿಲ್ಲ. ಮತ್ತೆ ಬಾಡಿಗೆ ಗಾಡಿ, ಮತ್ತೆ 1,800.

ಅಪ್ಪನಿಗೆ ಈ ನೋಟಿಸ್ ಹಿಡಿಸಲಿಲ್ಲ. "ಮಂದಿಯೊಳಗ ಮಾತಾಡಿ ಮುಗಸೂದು ಬಿಟ್ಟು ಕಾಗದಾ ಯಾಕ ಕಳಸ್ತಿ" ಅಂತ. ಆದರೆ ಹನ್ನೊಂದನೇ ದಿನ ಡೀಲರ್ ಫೋನ್ ಮಾಡಿ ಬರ್ರಿ ಅಂದಾಗ ತಾವೂ ಹೊರಟರು. ಅಲ್ಲಿ ನಾನು ಕಲಂ, ಕಾಯ್ದೆ ಅಂತ ಶುರು ಮಾಡಿದ್ದೆ. ಅಪ್ಪ ಕೈ ಸನ್ನೆ ಮಾಡಿ ನಿಲ್ಲಿಸಿದರು.

"ತಮ್ಮಾ, ನಿಮ್ಮ ಮನ್ಯಾಗ ಎತ್ತ ಅದಾವೇನು?"

"ಇದ್ದೂರಿ ಮೊದಲ."

"ಚಿಂಚಲಿ ಜಾತ್ರ್ಯಾಗ ಎತ್ತ ತಗೊಂಡ್ರ ಹಲ್ಲ ನೋಡೂದು ನನ್ನ ಕೆಲಸ. ಮುದಿ ಎತ್ತ ಬಂದ್ರ ನನ್ನ ಕರ್ಮ. ಆದ್ರ ಅದು ಹಾಯೂ ಎತ್ತ ಇದ್ದು, ಮಾರಾಂವ ಗೊತ್ತಿದ್ದು ಹೇಳದನ ಕೊಟ್ರ? ನನ್ನ ಹೇಂತಿ ಕುಂತಿದ್ಲೋ ಅದರಾಗ."

ಡೀಲರ್ ಸ್ವಲ್ಪ ಹೊತ್ತು ಫೋನ್ ನೋಡ್ತಾ ಕೂತ. ಅಪ್ಪನ ಮಾತಿನಿಂದಲೇ ಒಪ್ಪಿದ ಅಂತ ನಾನು ನಂಬಲ್ಲ. ಮೇಜಿನ ಮೇಲೆ ನೋಟಿಸ್ ಇತ್ತು, ಸರ್ವಿಸ್ ಪ್ರಿಂಟ್ ಇತ್ತು. ಕಾಗದ ಇಲ್ಲದಿದ್ದರೆ ಎತ್ತಿನ ಮಾತಿಗೆ ನಕ್ಕು ಚಹಾ ತರಿಸ್ತಿದ್ದ. ಆದರೆ ಕಾಗದ ಒಂದೇ ಇದ್ದಿದ್ದರೆ ಅವನೂ ವಕೀಲರ ಕಡೆ ಹೋಗ್ತಿದ್ದ ಅಂತಲೂ ಅನ್ನಿಸ್ತದೆ. ಅಪ್ಪ ಈಗಲೂ ಎತ್ತೇ ಗೆದ್ದದ್ದು ಅಂತಾರೆ. ಇರಲಿ.

ಮೊದಲು "ರಿಪೇರಿ ಮಾಡಿ ಕೊಡ್ತೀನಿ" ಅಂದ. ಬೇಡ ಅಂದೆವು. ನೀರು ಕುಡಿದ ವೈರಿಂಗ್ ಇವತ್ತು ಒಂದು ಕಡೆ ಸರಿ ಮಾಡಿದರೆ ಆರು ತಿಂಗಳಿಗೆ ಇನ್ನೊಂದು ಕಡೆ ಕಿಲುಬು ಹಿಡೀತದೆ. ಆಮೇಲೆ "ಅರ್ಧಾ ಅರ್ಧಾ". ಕೊನೆಗೆ 3,30,000ಕ್ಕೆ ನಿಂತಿತು. ಎರಡು ಲಕ್ಷ ಅದೇ ದಿನ ಆರ್‌ಟಿಜಿಎಸ್, ಉಳಿದದ್ದು ಇಪ್ಪತ್ತು ದಿನದಲ್ಲಿ. 15,000 ಬಿಟ್ಟೆವು. ಪುಣೆಯ ಗೆಳೆಯರು "ಕೇಸ್ ಹಾಕಿದ್ದರೆ ಪರಿಹಾರ ಸಮೇತ ಬರ್ತಿತ್ತು, ಯಾಕೆ ಬಿಟ್ಟೆ" ಅಂದರು. ಬರ್ತಿತ್ತೇನೋ. ವಾರಕ್ಕೆ ಎರಡು ಸಲ ಮಿರಜಕ್ಕೆ ಹೋಗಬೇಕಾದ ಮನೆಗೆ ಇವತ್ತಿನ 3,30,000, ಯಾವಾಗಲೋ ಬರೋ ನಾಲ್ಕು ಲಕ್ಷಕ್ಕಿಂತ ದೊಡ್ಡದು. ನಿಮ್ಮ ಲೆಕ್ಕ ಬೇರೆ ಇರಬಹುದು, ಆಗ ಆಯೋಗಕ್ಕೆ ಹೋಗಿ.

ವಾಪಸ್ ಕೊಡೋದನ್ನೂ ತಗೊಳ್ಳೋವಷ್ಟೇ ಹುಷಾರಾಗಿ ಮಾಡಬೇಕು. ಗಾಡಿ ಒಪ್ಪಿಸಿದ ದಿನಾಂಕ, ಗಂಟೆ, ಮೀಟರ್ ಬರೆದು ಸಹಿ ಮಾಡಿಸಿದೆ. ನನ್ನ ಸಹಿ ಇದ್ದ ಫಾರಂ 29, 30 ವಾಪಸ್ ತಗೊಂಡು ಹರಿದೆ. ಫಾಸ್ಟ್ಯಾಗ್ ಕಿತ್ತು ಬ್ಯಾಂಕಿನಲ್ಲಿ ಬಂದ್ ಮಾಡಿಸಿದೆ. ಒಪ್ಪಂದದ ಕಾಗದದಲ್ಲಿ "2021ರಲ್ಲಿ ನೀರಿಗೆ ಸಿಕ್ಕ ವಾಹನ, ಸರ್ವಿಸ್ ದಾಖಲೆ ಪ್ರಕಾರ 91,260 ಕಿ.ಮೀ." ಅನ್ನೋ ಸಾಲು ಹಾಕಿಸಿದೆ. ಆ ಸಾಲಿಗೆ ಸಹಿ ಮಾಡೋಕೆ ಅವನು ಇಪ್ಪತ್ತು ನಿಮಿಷ ತಗೊಂಡ.

ಎರಡನೇ ಕಂತು ಇಪ್ಪತ್ತರ ಬದಲು ಮೂವತ್ತೆರಡನೇ ದಿನ ಬಂತು. ಬಂತಲ್ಲ.

ಅದಾಗಿ ಮೂರು ವಾರಕ್ಕೆ ತಮ್ಮ ಒಂದು ಸ್ಕ್ರೀನ್‌ಶಾಟ್ ಕಳಿಸಿದ. ಅದೇ ಗಾಡಿ ಆನ್‌ಲೈನ್ ಜಾಹೀರಾತಿನಲ್ಲಿ. ಫಸ್ಟ್ ಓನರ್, ಹೊಸ ಇಂಟೀರಿಯರ್, 58,900 ಕಿ.ಮೀ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು ಕಾಗದಗಳನ್ನು ಅಪ್‌ಲೋಡ್ ಮಾಡಿದೆ. ಆಮೇಲೆ ಮೇಷ್ಟ್ರಿಗೆ ಫೋನ್ ಮಾಡಿದೆ, ಯಾಕೆಂದರೆ ಆರ್‌ಸಿ ಇನ್ನೂ ಅವರ ಹೆಸರಿನಲ್ಲೇ ಇತ್ತು. ಗಾಡಿ ಮಾರಿದ್ದರೂ ದಾಖಲೆಯಲ್ಲಿ ಹೆಸರು ಇರೋತನಕ ಅಪಘಾತ ಪರಿಹಾರದ ಹೊಣೆ ಆ ಹೆಸರಿನವರದೇ ಅಂತ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಏರ್‌ಬ್ಯಾಗ್ ಸತ್ತ ಗಾಡಿ ಇನ್ಯಾರದೋ ಕೈಯಲ್ಲಿ ಹೋಗಿ ಏನಾದರೂ ಆದರೆ ಬಾಗಿಲಿಗೆ ಬರೋದು ಮೇಷ್ಟ್ರ ಮನೆಗೆ. ಅವರು ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಉದ್ಯಾಚ ಜಾತೋ" ಅಂದರು, ನಾಳೆಯೇ ಹೋಗ್ತೀನಿ ಅಂತ. ಮರುದಿನ ಮಗನನ್ನು ಕರ್ಕೊಂಡು ಆರ್‌ಟಿಓಗೆ ಹೋಗಿ, ಗಾಡಿ ಡೀಲರ್ ವಶದಲ್ಲಿದೆ ಅಂತ ಬರೆದುಕೊಟ್ಟು ಬಂದರು.

ಎರಡು ದಿನಕ್ಕೆ ಜಾಹೀರಾತು ಇಳಿಯಿತು. ಗಾಡಿ ಮಾರಾಟ ಆಗಿಯೇ ಇಳಿಯಿತೋ, ತೆಗೆದುಹಾಕಿದರೋ ಗೊತ್ತಿಲ್ಲ. ಬೂದು ಬಣ್ಣ, ಎಂಎಚ್-09, ಒಳಗೆ ಎಲ್ಲಾ ಹೊಸದು. ಆ ರಸ್ತೆಯಲ್ಲಿ ಓಡಾಡುವಾಗ ತಮ್ಮ ಈಗಲೂ ನಂಬರ್ ನೋಡ್ತಾನೆ.